ಮಳಖೇಡದ ಕವಿಗೆ ಬರೆಯೋ ಮನಸ್ಸೇ ಹೋದಾಗ...

ಬರೆಯುವವರಿಗೆಲ್ಲ ಗೊತ್ತಿರುವ ಒಂದು ಕಾಯಿಲೆ ಇದೆ. ಅದಕ್ಕೆ ಜ್ವರ ಇಲ್ಲ, ಕೆಮ್ಮು ಇಲ್ಲ. ಬರೆಯೋಕೆ ಕೂತರೆ ಒಂದು ಸಾಲೂ ಬರೋದಿಲ್ಲ, ಅಷ್ಟೇ. ನಮ್ಮಂಥ ಬ್ಲಾಗಿಗರಲ್ಲಂತೂ ಇದು ಅಂಟುರೋಗ. ಮೂರು ತಿಂಗಳು ವಾರಕ್ಕೆರಡು ಬರಹ, ಆಮೇಲೆ "ಕೆಲಸದ ಒತ್ತಡ, ಕ್ಷಮೆಯಿರಲಿ" ಅನ್ನೋ ಎರಡು ಸಾಲು, ಆಮೇಲೆ ಮೌನ. ಈ ಕಾಯಿಲೆಯನ್ನ ಯಾರಾದರೂ ಹಳಬರು ಅನುಭವಿಸಿ, ನಾಚಿಕೆ ಇಲ್ಲದೆ ಬರೆದಿಟ್ಟಿದ್ದಾರಾ ಅಂತ ಹುಡುಕುತ್ತಿದ್ದೆ. ಸಿಕ್ಕಿದ್ದು ಎಲ್ಲೋ ದೂರದಲ್ಲಲ್ಲ, ನಮ್ಮ ಸೇಡಂ ತಾಲೂಕಿನ ಮಳಖೇಡದಲ್ಲಿ. ಹತ್ತನೇ ಶತಮಾನದ ಕವಿ ಪುಷ್ಪದಂತ.

ನಮ್ಮೂರು ಚಿಮ್ಮನಚೋಡ, ಚಿಂಚೋಳಿ ತಾಲೂಕು. ಬೀದರ ಜಿಲ್ಲೆಯ ಕಡೆಯಿಂದ ಬರುವ ಮುಲ್ಲಾಮಾರಿ ನಮ್ಮ ಭಾಗದಲ್ಲಿ ಹರಿದು, ಮುಂದೆ ಕಾಗಿಣಾ ಸೇರುತ್ತೆ. ಕಾಗಿಣಾ ಸೇಡಂ ದಾಟಿ ಮಳಖೇಡದ ಕೋಟೆಗೋಡೆ ಸವರಿಕೊಂಡು ಹೋಗಿ ಶಹಾಬಾದ ಹತ್ತಿರ ಹೊನಗುಂಟಾದಲ್ಲಿ ಭೀಮೆಗೆ ಕೂಡುತ್ತೆ. ಅಂದರೆ ನಮ್ಮೂರ ಮಳೆನೀರು ರಾಷ್ಟ್ರಕೂಟರ ರಾಜಧಾನಿಗೆ ತಾನಾಗೇ ಹೋಗಿ ಬರುತ್ತೆ, ಆದರೆ ನಮ್ಮ ಕಡೆಯವರು ಮಳಖೇಡ ಅಂದರೆ ನೆನಪು ಮಾಡಿಕೊಳ್ಳೋದು ಸಿಮೆಂಟ್ ಫ್ಯಾಕ್ಟರಿಯನ್ನ. ವಾಡಿ ಸಿಮೆಂಟು, ಸೇಡಂ ಸಿಮೆಂಟು, ಮಳಖೇಡ ಸಿಮೆಂಟು, ಶಹಾಬಾದ ಫರ್ಸಿ. ಇಡೀ ಸೀಮೆಯೇ ಸುಣ್ಣದಕಲ್ಲು. ಇನ್ನೊಂದಿಷ್ಟು ಜನಕ್ಕೆ ಮಳಖೇಡ ಅಂದರೆ ಟೀಕಾಚಾರ್ಯರು, ಉತ್ತರಾದಿ ಮಠ. ಕನ್ನಡ ಎಂ.ಎ. ಮಾಡಿದವರಿಗೆ ನೃಪತುಂಗ, ಕವಿರಾಜಮಾರ್ಗ. ಪುಷ್ಪದಂತನ ಹೆಸರು ಈ ಯಾವ ಪಟ್ಟಿಯಲ್ಲೂ ಬರೋದಿಲ್ಲ. ಕಾರಣ ಸರಳ. ಆತ ಕನ್ನಡದಲ್ಲಿ ಬರೆಯಲಿಲ್ಲ, ಸಂಸ್ಕೃತದಲ್ಲೂ ಬರೆಯಲಿಲ್ಲ. ಬರೆದದ್ದು ಅಪಭ್ರಂಶದಲ್ಲಿ, ಅಂದರೆ ಪ್ರಾಕೃತದ ಕೊನೆಯ ಹಂತ, ಇವತ್ತಿನ ಹಿಂದಿ-ಗುಜರಾತಿ-ಮರಾಠಿಗಳಿಗೆ ಹಿರೀಕ ಅನ್ನಬಹುದಾದ ಭಾಷೆ. ಹಾಗಾಗಿ ಹಿಂದಿಯವರು ಆತನನ್ನ ತಮ್ಮ ಸಾಹಿತ್ಯ ಚರಿತ್ರೆಯ ಮೊದಲ ಪುಟಗಳಲ್ಲಿ ಕೂರಿಸಿದರು. ನಾವು ನಮ್ಮ ನೆಲದಲ್ಲೇ ಬದುಕಿದ ಮನುಷ್ಯನನ್ನ ಮರೆತೆವು.

ಕಾಲ ಯಾವುದು ಅಂತ ಮೊದಲು ಹೇಳಿಬಿಡುತ್ತೇನೆ. ಮೂರನೇ ಕೃಷ್ಣನ ಆಳ್ವಿಕೆ. 949ರ ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯ ಸತ್ತಿದ್ದ. (ಆತಕೂರಿನ ಶಾಸನ ನೆನಪಿದೆಯಲ್ಲ? ಅದೇ ಯುದ್ಧದ ಸುದ್ದಿ ಹೇಳುತ್ತಾ ಕಾಳಿ ಅನ್ನೋ ನಾಯಿಯ ಸಾವಿನ ಕಥೆಯನ್ನೂ ಹೇಳುವ ವೀರಗಲ್ಲು. ಯುದ್ಧಕ್ಕಿಂತ ನಾಯಿಯೇ ಹೆಚ್ಚು ನೆನಪಲ್ಲಿ ಉಳಿದಿದೆ, ಇರಲಿ.) 959ರಲ್ಲಿ ಕೃಷ್ಣ ಇನ್ನೂ ತಮಿಳುನಾಡಿನ ಮೇಲ್ಪಾಡಿಯ ಬೀಡಿನಲ್ಲೇ ಇದ್ದು, ಗೆದ್ದ ನಾಡನ್ನ ತನ್ನವರಿಗೆ ಹಂಚುತ್ತಿದ್ದ ಅಂತ ಕರ್ಹಾಡದ ತಾಮ್ರಪಟ ಹೇಳುತ್ತೆ. ಇದೇ ಕೃಷ್ಣನಿಂದ ಪೊನ್ನನಿಗೆ "ಉಭಯಕವಿಚಕ್ರವರ್ತಿ" ಬಿರುದು. ಇದೇ ಕೃಷ್ಣನ ಸಾಮಂತರಾದ ವೇಮುಲವಾಡದ ಚಾಲುಕ್ಯರ ಆಸ್ಥಾನದಲ್ಲಿ ಪಂಪ, 941ರ ಹೊತ್ತಿಗೆ, ತನ್ನ ಎರಡೂ ಕಾವ್ಯ ಮುಗಿಸಿದ್ದ. ಒಟ್ಟಿನಲ್ಲಿ ಕವಿಗಳಿಗೆ ಬರ ಇರದ ಕಾಲ. ಆ ಕಾಲದಲ್ಲಿ ಒಬ್ಬ ಮನುಷ್ಯ ದೂಳು ಮೆತ್ತಿಕೊಂಡು, ದಣಿದು, ಊರ ಹೊರಗಿನ ತೋಪಿನಲ್ಲಿ ಬಂದು ಕೂರುತ್ತಾನೆ. (ಆತ ಬಂದು ಕೂತ ಊರಿನ ಹೆಸರಿನ ಪಾಠದ ಬಗ್ಗೆ ಪಂಡಿತರಲ್ಲಿ ಚರ್ಚೆ ಇದೆ. ಕಾವ್ಯ ಬರೆದದ್ದು ಮಾನ್ಯಖೇಟದಲ್ಲಿ, ಅಂದರೆ ಮಳಖೇಡದಲ್ಲಿ, ಅನ್ನೋದರಲ್ಲಿ ತಕರಾರಿಲ್ಲ.)

ಇಲ್ಲಿಂದ ಮುಂದಿನದೆಲ್ಲ ಪುಷ್ಪದಂತ ತಾನೇ ತನ್ನ ಮಹಾಪುರಾಣದಲ್ಲಿ ಹೇಳಿಕೊಂಡಿರೋದು. ನಮ್ಮ ಹಳೆಯ ಕವಿಗಳು ತಮ್ಮ ಬಗ್ಗೆ ಹೇಳಿಕೊಳ್ಳೋದು ಕಮ್ಮಿ. ಹೇಳಿಕೊಂಡರೂ ಬಿರುದುಗಳ ಮೆರವಣಿಗೆ. ಈತ ಹಾಗಲ್ಲ. ತಂದೆ ಕೇಶವಭಟ್ಟ, ತಾಯಿ ಮುಗ್ಧಾದೇವಿ, ಕಾಶ್ಯಪ ಗೋತ್ರದ ಬ್ರಾಹ್ಮಣರು, ಮೊದಲು ಶೈವರಾಗಿದ್ದು ಆಮೇಲೆ ಜೈನರಾದವರು. ತಾನು ಕಪ್ಪಗಿದ್ದೇನೆ, ಸಣಕಲು, ನೋಡೋಕೆ ಚೆಂದ ಇಲ್ಲ, ಹೆಂಡತಿ ಮಕ್ಕಳಿಲ್ಲ, ಮನೆ ಇಲ್ಲ ಅಂತ ಬರೆದುಕೊಳ್ಳುತ್ತಾನೆ. ಇಟ್ಟುಕೊಂಡ ಹೆಸರುಗಳೋ, "ಅಭಿಮಾನಮೇರು", "ಕಾವ್ಯಪಿಶಾಚ"! ಸ್ವಾಭಿಮಾನದ ಪರ್ವತ, ಕಾವ್ಯದ ದೆವ್ವ. ಬ್ಲಾಗಿಗೆ ಇಡೋಕೆ ಇದಕ್ಕಿಂತ ಒಳ್ಳೆ ಹೆಸರು ಯಾರಿಗಾದರೂ ಸಿಕ್ಕಿದೆಯಾ? :)

ತೋಪಿನಲ್ಲಿ ಕೂತವನ ಹತ್ತಿರ ಅಮ್ಮಯ್ಯ, ಇಂದ್ರರಾಯ ಅನ್ನೋ ಇಬ್ಬರು ಬರುತ್ತಾರೆ. ಇಲ್ಲಿ ಯಾಕೆ ಕೂತಿದ್ದೀರಿ, ಊರೊಳಗೆ ಬನ್ನಿ ಅನ್ನುತ್ತಾರೆ. ಕವಿಗೆ ಸಿಟ್ಟು ಉಕ್ಕುತ್ತೆ. ಅರಸರ ಹುಬ್ಬುಗಂಟು ನೋಡೋದಕ್ಕಿಂತ ಬೆಟ್ಟದ ಗವಿಯಲ್ಲಿ ಗೆಡ್ಡೆ ತಿಂದು ಬದುಕೋದು ಮೇಲು ಅನ್ನೋ ಧಾಟಿಯಲ್ಲಿ ಉತ್ತರ ಕೊಡುತ್ತಾನೆ. ಬೀಸುವ ಚಾಮರದ ಗಾಳಿಗೆ ಅರಸರ ಒಳ್ಳೇತನವೇ ಹಾರಿಹೋಗಿರುತ್ತೆ, ಪಟ್ಟಾಭಿಷೇಕದ ನೀರಿಗೆ ಸಜ್ಜನಿಕೆ ತೊಳೆದುಹೋಗಿರುತ್ತೆ ಅನ್ನೋದು ಆತನ ವಾದ. ಎಲ್ಲೋ ಯಾವುದೋ ಅರಸನ ಹತ್ತಿರ ಕೆಟ್ಟ ಪೆಟ್ಟು ತಿಂದು ಬಂದವನ ಮಾತು ಅಂತ ಓದಿದ ಕೂಡಲೇ ಗೊತ್ತಾಗುತ್ತೆ. ಭೈರವ ಅನ್ನೋ ರಾಜನನ್ನ ಮೊದಲು ಹೊಗಳಿ ಬರೆದಿದ್ದನಂತೆ, ಆ ವಿಷಯ ಮುಂದೆ ಬರುತ್ತೆ.

ಆ ಇಬ್ಬರು ಬಿಡಲಿಲ್ಲ. ಅರಸನ ಮನೆ ಬೇಡ, ಮಂತ್ರಿ ಭರತನ ಮನೆಗೆ ಬನ್ನಿ, ಆತ ಬೇರೆ ಥರದ ಮನುಷ್ಯ ಅಂತ ಒಪ್ಪಿಸಿದರು. ಭರತ ಕೃಷ್ಣನ ಮಂತ್ರಿ, ಕೌಂಡಿನ್ಯ ಗೋತ್ರದವನು, ಜೈನ. ಆತನ ಮನೆಯವರ ಹೆಸರು ನೋಡಿ: ಅಜ್ಜ ಅಣ್ಣಯ್ಯ, ಹೆಂಡತಿ ಕುಂದವ್ವ, ಮಕ್ಕಳಲ್ಲಿ ದಂಗಯ್ಯ, ಸಂತಯ್ಯ. ಅಪ್ಪಟ ಕನ್ನಡದ ಮನೆ. ಆ ಮನೆಯಲ್ಲಿ ಮಾತಾಡುತ್ತಿದ್ದದ್ದು ಕನ್ನಡವೇ ಇರಬೇಕು ಅಂತ ನನ್ನ ಅಂದಾಜು. ಅಂಥ ಮನೆಯ ಒಂದು ಕೋಣೆಯಲ್ಲಿ ಕೂತು ಒಬ್ಬ ಅಪಭ್ರಂಶದಲ್ಲಿ ಬರೆಯುತ್ತಾನೆ, ಅದನ್ನ ಮನೆಯೊಡೆಯ ಆಸೆಪಟ್ಟು ಕೇಳುತ್ತಾನೆ. ಈಗ ಭಾಷೆಯ ಹೆಸರಲ್ಲಿ ದಿನಾ ಜಗಳ ಆಡುವ ನಮಗೆ ಇದು ಸ್ವಲ್ಪ ವಿಚಿತ್ರವಾಗೇ ಕಾಣುತ್ತೆ.

ಕೆಲವು ದಿನ ಊಟ, ವಿಶ್ರಾಂತಿ ಆದ ಮೇಲೆ ಭರತ ಮೆಲ್ಲಗೆ ವಿಷಯಕ್ಕೆ ಬರುತ್ತಾನೆ. ನೀವು ಆ ಭೈರವರಾಜನನ್ನ ಹೊಗಳಿ ದೋಷ ಕಟ್ಟಿಕೊಂಡಿದ್ದೀರಿ, ಪ್ರಾಯಶ್ಚಿತ್ತವಾಗಿ ಪುರಾಣ ಬರೆಯಿರಿ ಅಂತ. ಮಂತ್ರಿ ಅಂದರೆ ಮಂತ್ರಿ ನೋಡಿ, ಕೆಲಸ ಒಪ್ಪಿಸೋ ಜಾಣತನ! ಪುಷ್ಪದಂತ ಹಿಂದೆಮುಂದೆ ನೋಡುತ್ತಾನೆ. ತಾನು ಓದದ ಪುಸ್ತಕಗಳ ಉದ್ದ ಪಟ್ಟಿ ಕೊಡುತ್ತಾನೆ, ಅದರಲ್ಲಿ ಧವಲ, ಜಯಧವಲಗಳೂ ಇವೆ. ಕೊನೆಗೆ ಒಪ್ಪಿ, ಶಕ 881ರ ಸಿದ್ಧಾರ್ಥಿ ಸಂವತ್ಸರದಲ್ಲಿ, ಅಂದರೆ 959ರಲ್ಲಿ, ಶುರು ಮಾಡುತ್ತಾನೆ.

ಮಹಾಪುರಾಣ ಅಂದರೆ ಜೈನರ 63 ಶಲಾಕಾಪುರುಷರ ಕಥೆ. ಇದಕ್ಕೆ ಎರಡು ಭಾಗ. ಮೊದಲನೇದು ಆದಿಪುರಾಣ, ವೃಷಭನಾಥ ಮತ್ತು ಭರತಚಕ್ರವರ್ತಿಯ ಕಥೆ. ಬಾಹುಬಲಿ ಬರೋದು ಇಲ್ಲೇ. ಎರಡನೇದು ಉತ್ತರಪುರಾಣ, ಉಳಿದ 61 ಜನ. ಪುಷ್ಪದಂತ ಸರಾಗವಾಗಿ 37 ಸಂಧಿ ಬರೆದು ಆದಿಪುರಾಣ ಮುಗಿಸಿದ.

ಅಲ್ಲಿಗೆ ನಿಂತುಬಿಟ್ಟ.

38ನೇ ಸಂಧಿಯ ಶುರುವಿನಲ್ಲಿ ಇದೆಲ್ಲ ಇದೆ. ಯಾಕೋ ಏನೋ, ಕೆಲವು ದಿನ ಮನಸ್ಸು ಬೇಸತ್ತು ಹೋಗಿತ್ತು ಅನ್ನುತ್ತಾನೆ. ಒಂದು ರಾತ್ರಿ ಕನಸಿನಲ್ಲಿ ಸರಸ್ವತಿ ಬಂದು ಅರ್ಹಂತರಿಗೆ ನಮಸ್ಕರಿಸು ಅಂತ ಹೇಳುತ್ತಾಳೆ. ಎದ್ದು ಕೂತು ಸುತ್ತ ನೋಡಿದರೆ ಯಾರೂ ಇಲ್ಲ. ಬೆರಗಾಗಿ ಹಾಗೇ ಕೂತಿರುತ್ತಾನೆ. ಗಮನಿಸಿ, ಕನಸಿನಲ್ಲಿ ದೇವಿ ಬಂದು ಹೋದರೂ ಬರಹ ಶುರುವಾಗಲಿಲ್ಲ!

ಆಗ ಭರತ ಬರುತ್ತಾನೆ. ಸಾಮ್ರಾಜ್ಯದ ಮಂತ್ರಿ ತನ್ನ ಮನೆಯಲ್ಲಿ ಇರುವ ಕವಿಯ ಕೋಣೆಗೆ ತಾನೇ ನಡೆದು ಬಂದು ಕೇಳುತ್ತಾನೆ: ಯಾಕೆ ಹೀಗೆ ಮಂಕಾಗಿದ್ದೀರಿ? ಏನಾದರೂ ಮೆಟ್ಟಿಕೊಂಡಿತಾ? ನನ್ನಿಂದ ಏನಾದರೂ ತಪ್ಪಾಯಿತಾ? ಬೇರೆ ಏನಾದರೂ ಬೇಕಾಗಿದೆಯಾ, ಹೇಳಿ, ಕೈಮುಗಿದು ನಿಂತಿದ್ದೇನೆ. ಮಾತೆಂಬ ಹಸು ನಿಮಗೆ ಒಲಿದು ನಿಂತಿರುವಾಗ ಅದನ್ನ ಯಾಕೆ ಕರೆಯುತ್ತಿಲ್ಲ?... ಇದು ಭರತ ಕೇಳಿದ್ದರ ಸಾರ, ನನ್ನ ಮಾತಲ್ಲಿ.

ಕವಿಯ ಉತ್ತರವೂ ಅಷ್ಟೇ ನೇರ. ಕಾಲ ಕೆಟ್ಟಿದೆ, ಯಾರನ್ನ ನೋಡಿದರೂ ದುಷ್ಟರೇ ಕಾಣುತ್ತಾರೆ, ಒಣಗಿದ ಕಾಡಿನ ಹಾಗೆ. ಒಂದು ಪದ ಕಟ್ಟೋದೂ ಭಾರ ಆಗಿದೆ. ಇಲ್ಲೊಂದು ಶ್ಲೇಷೆ ಮಾಡುತ್ತಾನೆ. ಗುಣ ಅಂದರೆ ಒಳ್ಳೆಯ ನಡತೆ, ಗುಣ ಅಂದರೆ ಬಿಲ್ಲಿನ ಹೆದೆ. ಹೆದೆಯೇರಿಸಿದ ಬಿಲ್ಲಿನ ಹಾಗೆ ಜಗತ್ತು ಗುಣದ ವಿಷಯಕ್ಕೆ ಬಂದ ಕೂಡಲೇ ಡೊಂಕಾಗುತ್ತೆ ಅಂತ. ಬರೆಯೋಕೆ ಬರ್ತಿಲ್ಲ ಅಂತ ಅಳುತ್ತಲೇ ಇಂಥ ಶ್ಲೇಷೆ ಕಟ್ಟಿದವನನ್ನ ಏನನ್ನೋಣ :)

ಆಮೇಲೆ ಹೇಳಿದ್ದು ನನಗೆ ಬಹಳ ಮುಖ್ಯ ಅನ್ನಿಸಿದ್ದು. ನನಗೆ ದುಡ್ಡು ಹುಲ್ಲಿಗೆ ಸಮ. ಕಾರಣವಿಲ್ಲದ ಪ್ರೀತಿ ಬೇಕು. ಅದು ನಿನ್ನಲ್ಲಿದೆ, ಅದಕ್ಕೇ ನಿನ್ನ ಮನೆಯಲ್ಲಿದ್ದೇನೆ. ನನ್ನ ಕಾವ್ಯ ಜಿನಪಾದದ ಭಕ್ತಿಯಿಂದ ಬಂದದ್ದು, ಹೊಟ್ಟೆಪಾಡಿಗೆ ಅಲ್ಲ. ಹೀಗೆ ಹೇಳಿ 38ನೇ ಸಂಧಿಯ ಕಥೆ ಶುರು ಮಾಡಿಬಿಡುತ್ತಾನೆ. ಆಮೇಲೆ 102ನೇ ಸಂಧಿ ತನಕ ಹೋದ. ಮುಗಿದದ್ದು ಶಕ 887, ಕ್ರೋಧನ ಸಂವತ್ಸರ, ಆಷಾಢ ಶುದ್ಧ ದಶಮಿ. 965ರ ಜೂನ್ ತಿಂಗಳು.

ಈಗ ಸಂಶಯವಾದಿಗಳು ಕೇಳಬಹುದು, ಇದೆಲ್ಲ ಕವಿಸಮಯ ಅಲ್ಲವೇನ್ರಿ? ಕನಸಲ್ಲಿ ಸರಸ್ವತಿ, ಕುಕವಿನಿಂದೆ, ಕಾಲ ಕೆಟ್ಟಿದೆ ಅನ್ನೋ ಗೋಳು, ಆಶ್ರಯದಾತನ ಹೊಗಳಿಕೆ. ಪ್ರತಿ ಕಾವ್ಯದಲ್ಲೂ ಇರುವ ಸಾಮಾನು. ಇದು ಒಪ್ಪತಕ್ಕ ಮಾತೇ. ಆಶ್ರಯದಾತನನ್ನ ಎರಡನೇ ಸಲ ಹೊಗಳೋಕೆ ಒಂದು ನೆಪ ಬೇಕಿತ್ತು, ಕಾವ್ಯದ ಎರಡನೇ ಭಾಗ ಶುರುವಾಗುವ ಜಾಗ ಅದಕ್ಕೆ ಸರಿಯಾಗಿ ಸಿಕ್ಕಿತು ಅನ್ನಬಹುದು. ಆದರೆ ನನಗೆ ಪೂರ್ತಿ ಹಾಗನ್ನಿಸೋದಿಲ್ಲ. ಕವಿಸಮಯದ ಪ್ರಕಾರ ಸರಸ್ವತಿ ಬಂದ ಮೇಲೆ ಕವಿತೆ ಹೊಳೆಯಾಗಿ ಹರಿಯಬೇಕು. ಇಲ್ಲಿ ಆಕೆ ಬಂದು ಹೋದ ಮೇಲೆ ಕವಿ ಪೆಚ್ಚಾಗಿ ಕೂತಿದ್ದಾನೆ. ಹೊಗಳಿಕೆಯ ಸೂತ್ರದಲ್ಲಿ ಮಂತ್ರಿ ಕೊಡುವವನು, ಕವಿ ಕೈಯೊಡ್ಡುವವನು. ಇಲ್ಲಿ ಕೈಮುಗಿದು ನಿಂತವನು ಮಂತ್ರಿ. ಇನ್ನು ಶುರುವಿನಲ್ಲಿ ಊರ ಹೊರಗಿನ ತೋಪಿನಲ್ಲಿ ಕೂತು ಬೈದ ಆ ದನಿಯೇ 37 ಸಂಧಿ ದಾಟಿ ಇಲ್ಲಿ ಮತ್ತೆ ಕೇಳುತ್ತೆ. ಒಂದೇ ಮನುಷ್ಯನ ಒಂದೇ ನೋವು ಎರಡು ಸಲ ಎದ್ದದ್ದು ಇದು. ಸೂತ್ರಕ್ಕೆ ಅಷ್ಟು ನೆನಪಿನ ಶಕ್ತಿ ಇರೋದಿಲ್ಲ.

ನಿಂತ ಜಾಗವನ್ನೂ ನೋಡಿ. ಇವನಿಗಿಂತ ಒಂದು ಶತಮಾನ ಮೊದಲು ಇದೇ 63 ಜನರ ಕಥೆಯನ್ನ ಸಂಸ್ಕೃತದಲ್ಲಿ ಬರೆಯಲು ಹೊರಟವರು ಜಿನಸೇನಾಚಾರ್ಯರು, ಅಮೋಘವರ್ಷ ನೃಪತುಂಗ ಗೌರವಿಸುತ್ತಿದ್ದ ಗುರು. ಅವರಿಗೂ ಆದಿಪುರಾಣ ಮುಗಿಸೋದಕ್ಕೇ ಆಗಲಿಲ್ಲ, 42 ಪರ್ವ ಮುಗಿಸಿ 43ನೇದನ್ನ ಶುರು ಮಾಡಿದ್ದರಷ್ಟೇ, ತೀರಿಕೊಂಡರು. ಶಿಷ್ಯ ಗುಣಭದ್ರ ಅದನ್ನ ಪೂರೈಸಿ ಉತ್ತರಪುರಾಣ ಬರೆದರು. ಆ ಜಿನಸೇನರೇ ತಮ್ಮ ಗುರು ವೀರಸೇನರು ಅರ್ಧಕ್ಕೆ ಬಿಟ್ಟುಹೋದ ಜಯಧವಲ ಟೀಕೆಯನ್ನ 837ರಲ್ಲಿ ಮುಗಿಸಿದವರು. ಗುರು 20,000 ಶ್ಲೋಕದಷ್ಟು ಬರೆದಿದ್ದರೆ ಶಿಷ್ಯ ಇನ್ನೂ 40,000 ಬರೆದರು. ಒಬ್ಬರದ್ದನ್ನ ಇನ್ನೊಬ್ಬರು ಹೊತ್ತುಕೊಂಡು ಹೋಗುವ ಆ ಮಠದ ಪರಂಪರೆಯಲ್ಲಿ ಬರೆಯಲು ಆಗಲಿಲ್ಲ ಅನ್ನೋದಕ್ಕೆ ಅವಕಾಶ ಇಲ್ಲ. ನಿಮ್ಮಿಂದ ಆಗದಿದ್ದರೆ ಶಿಷ್ಯ ಇದ್ದಾನೆ. ಪುಷ್ಪದಂತನಿಗೆ ಶಿಷ್ಯ ಇಲ್ಲ, ಮಠ ಇಲ್ಲ, ಮಗ ಇಲ್ಲ. ಆತ ನಿಂತರೆ ಪುಸ್ತಕ ನಿಂತ ಹಾಗೆ. ನಮ್ಮ ಸಾಫ್ಟ್‌ವೇರ್ ಮಂದಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಒಂದು ಟೀಮು ಬರೆದ ಕೋಡಿಗೂ, ಒಬ್ಬನೇ ರಾತ್ರಿ ಕೂತು ಬರೆದ ಕೋಡಿಗೂ ಇರುವ ವ್ಯತ್ಯಾಸ.

ಇನ್ನೊಂದು, ಆದಿಪುರಾಣ ಒಂದು ಕಥೆ. ಅಣ್ಣತಮ್ಮಂದಿರ ಜಗಳ, ಅಧಿಕಾರ, ವೈರಾಗ್ಯ ಎಲ್ಲ ಇರುವ ಗಟ್ಟಿ ಕಥೆ. ಪಂಪ ಇಷ್ಟನ್ನೇ ಎತ್ತಿಕೊಂಡು ಮೂರೇ ತಿಂಗಳಲ್ಲಿ ಮುಗಿಸಿದ್ದಾಗಿ ಹೇಳಿಕೊಳ್ಳುತ್ತಾನೆ (ಭಾರತಕ್ಕೆ ಆರು ತಿಂಗಳು!). ಆದರೆ ಉತ್ತರಪುರಾಣ ಅಂದರೆ ಇನ್ನೂ 61 ಜನ ಸಾಲಾಗಿ ಕಾಯುತ್ತಿದ್ದಾರೆ. ಮೊದಲ ರಿಲೀಸ್ ಆದ ಮರುದಿನ, ಎಲ್ಲರೂ ಸ್ವೀಟು ತಿಂದು ಮನೆಗೆ ಹೋದ ಮೇಲೆ, ಬಾಕಿ ಕೆಲಸದ ಪಟ್ಟಿ ತೆರೆದಾಗ ಹೊಟ್ಟೆಯಲ್ಲಿ ಏನೋ ಆಗುತ್ತಲ್ಲ, ಅದು. ಪುಷ್ಪದಂತ ಜನ ಕೆಟ್ಟವರು ಅನ್ನೋದನ್ನ ಕಾರಣ ಕೊಡುತ್ತಾನೆ. ಅದೂ ನಿಜ ಇರಬಹುದು. ಜೊತೆಗೆ ಆ 61 ಜನರ ಭಾರವೂ ಇತ್ತು ಅನ್ನೋದು ನನ್ನ ಗುಮಾನಿ. ಲೆಕ್ಕ ಹಾಕಿದರೆ ಆರು ವರ್ಷಕ್ಕೆ 102 ಸಂಧಿ, ತಿಂಗಳಿಗೆ ಸುಮಾರು ಒಂದೂವರೆ. ನಿಂತ ದಿನಗಳೂ ಸೇರಿ. ಇದು ಸ್ಫೂರ್ತಿಯ ಲೆಕ್ಕ ಅಲ್ಲ, ದಿನಾ ಬಂದು ಕೂರುವವನ ಲೆಕ್ಕ.

ಭರತ ಏನು ಕೊಟ್ಟ ಅನ್ನೋದು ಮುಂದಿನ ಪ್ರಶ್ನೆ. ಹಸ್ತಪ್ರತಿಗಳಲ್ಲಿ ಸಂಧಿಗಳ ಮಧ್ಯೆ ಬರುವ ಕೆಲವು ಸಂಸ್ಕೃತ ಪದ್ಯಗಳಲ್ಲಿ ಭರತನ ಮನೆಯ ಚಿತ್ರ ಇದೆ. ಒಂದು ಕಡೆ ಓದುವವರು, ಒಂದು ಕಡೆ ಹಾಡುವವರು, ಒಂದು ಕಡೆ ಬಿಡುವಿಲ್ಲದೆ ಪ್ರತಿ ಮಾಡುವ ಲಿಪಿಕಾರರು. ಮನೆಯೋ ಪ್ರಕಾಶನವೋ! ಇನ್ನೊಂದರಲ್ಲಿ, ಭರತ ಬಾವಿ, ಕೆರೆ, ಬಸದಿ ಕಟ್ಟಿಸೋದು ಬಿಟ್ಟು ಈ ಪುರಾಣ ಮಾಡಿಸಿದ ಅನ್ನೋ ಮಾತು. ಇದನ್ನ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಕೆರೆ ಕಟ್ಟಿಸೋದು ಬಿಟ್ಟು! ನಮ್ಮ ಕಡೆಯ ಬಿಸಿಲು ಗೊತ್ತಿರುವವನು, ತೊಗರಿ ಒಣಗೋದು ನೋಡಿದವನು ಆ ಸಾಲನ್ನ ಸುಲಭವಾಗಿ ಮೆಚ್ಚಲಾರ. ಪುಸ್ತಕ ಕೆರೆಗಿಂತ ದೊಡ್ಡದಾ? ಕವಿ ಹೌದನ್ನುತ್ತಾನೆ, ಅನ್ನಲೇಬೇಕು. ಮಾನ್ಯಖೇಟದ ರೈತನನ್ನ ಕೇಳಿದ್ದರೆ ಬೇರೆ ಉತ್ತರ ಬರುತ್ತಿತ್ತೇನೋ.

ಪ್ರತಿ ಸಂಧಿಯ ಕೊನೆಗೂ ಒಂದು ಸಮಾಪ್ತಿ ವಾಕ್ಯ ಬರುತ್ತೆ: ಮಹಾಕವಿ ಪುಷ್ಪದಂತ ರಚಿಸಿದ, ಮಹಾಭವ್ಯ ಭರತ ಅನುಮೋದಿಸಿದ ಮಹಾಕಾವ್ಯ ಅಂತ. ಬರೆದವನು ಒಬ್ಬ, ಅಪ್ರೂವ್ ಮಾಡಿದವನು ಇನ್ನೊಬ್ಬ. ನಮ್ಮ ಕೋಡ್ ರಿವ್ಯೂ ಥರಾನೇ :) ಅಭಿಮಾನಮೇರು ಅಂತ ಕರೆದುಕೊಂಡವನು ಸಂಧಿ ಸಂಧಿಗೂ ಇನ್ನೊಬ್ಬನ ಅನುಮೋದನೆಯನ್ನ ಬರೆದುಕೊಳ್ಳುವುದು ವಿರೋಧಾಭಾಸ ಅಲ್ಲವಾ? ನಾನು ಇದನ್ನ ಹೀಗೆ ನೋಡುತ್ತೇನೆ. ಅರಸ ಕೊಡುವುದು ಸಂಬಳ. ಸಂಬಳದ ಜೊತೆ ಹುಬ್ಬುಗಂಟೂ ಬರುತ್ತೆ. ಭರತ ಕೊಟ್ಟದ್ದು ಕೋಣೆ, ಊಟ, ಕೇಳುವ ಕಿವಿ, ಪ್ರತಿ ಮಾಡುವ ಕೈಗಳು. ಮೊದಲನೇದನ್ನ ನಿರಾಕರಿಸಿ ಎರಡನೇದನ್ನ ಒಪ್ಪಿಕೊಳ್ಳೋದರಲ್ಲಿ ಪುಷ್ಪದಂತ ತನ್ನ ಹದ ಕಂಡುಕೊಂಡ. ಅದೂ ಋಣವೇ, ಅನುಮಾನ ಇಲ್ಲ. ಆದರೆ ತಾನು ಯಾವ ಋಣದಲ್ಲಿ ಇರಬಲ್ಲೆ ಅನ್ನೋದನ್ನ ಆತ ತಾನೇ ಆರಿಸಿಕೊಂಡ.

ಪಂಪನ ಹದ ಬೇರೆ. ಆತ ಕವಿಯೂ ಹೌದು, ಅರಿಕೇಸರಿಯ ಜೊತೆ ಯುದ್ಧಕ್ಕೆ ಹೋದ ಯೋಧನೂ ಹೌದು. ಧರ್ಮಕ್ಕೊಂದು ಕಾವ್ಯ, ಲೌಕಿಕಕ್ಕೊಂದು ಕಾವ್ಯ ಅಂತ ಎರಡು ಖಾತೆ ತೆರೆದು ಚೊಕ್ಕಟವಾಗಿ ನಡೆಸಿದ. ಎರಡು ಶತಮಾನ ಕಳೆದ ಮೇಲೆ ನಮಗೆ ದೂರವಲ್ಲದ ಕಲ್ಯಾಣದಲ್ಲಿ ಮೂರನೇ ದಾರಿ ಬಂತು. ಆಶ್ರಯದಾತನೇ ಬೇಡ, ಹಗ್ಗ ಹೊಸೆಯುವವನು, ದೋಣಿ ನಡೆಸುವವನು, ಚಪ್ಪಲಿ ಹೊಲಿಯುವವನು ತನ್ನ ಕಾಯಕ ಮಾಡುತ್ತಲೇ ವಚನ ಹೇಳುವುದು. ನಮ್ಮ ಬ್ಲಾಗಿಗರೆಲ್ಲ ಗೊತ್ತಿಲ್ಲದೆಯೇ ಈ ಮೂರನೇ ಗುಂಪಿನವರು. ಹಗಲು ಆಫೀಸು, ರಾತ್ರಿ ಬರಹ. ಸಂಬಳ ಯಾರೋ ಕೊಡುತ್ತಾರೆ, ಆದರೆ ಬರಹಕ್ಕಲ್ಲ. ಆದ್ದರಿಂದ ಬರಹದ ಮೇಲೆ ಯಾರ ಹುಬ್ಬುಗಂಟೂ ಇಲ್ಲ. ಆದರೆ ಇದರಲ್ಲೊಂದು ಕೊರತೆ ಇದೆ. ನಾವು ನಿಲ್ಲಿಸಿದರೆ ಕೋಣೆಗೆ ಬಂದು "ಯಾಕೆ, ಏನಾಯಿತು?" ಅಂತ ಕೇಳೋಕೆ ಭರತ ಇಲ್ಲ. ಮೂರು ವರ್ಷದಿಂದ ಸುಮ್ಮನಿರುವ ಎಷ್ಟು ಕನ್ನಡ ಬ್ಲಾಗುಗಳು ನನ್ನ ಪಟ್ಟಿಯಲ್ಲಿವೆ! ಅವರಲ್ಲಿ ಒಬ್ಬರಿಗೆ, ಈ ಕಥೆ ಓದಿದ ಮೇಲೆ, ನಾಲ್ಕು ಸಾಲು ಕಳಿಸಿದೆ. ಉತ್ತರ ಬಂತು, ಬರಹ ಬರಲಿಲ್ಲ. ಅದೂ ಸರಿಯೇ. ಭರತನೂ ಬಹುಶಃ ಒಂದೇ ಸಲ ಕೇಳಿರಲಿಕ್ಕಿಲ್ಲ.

ಮುಂದಿನ ಕಥೆ ಬೇಗ ಹೇಳುತ್ತೇನೆ, ಯಾಕೆಂದರೆ ಅದು ಬೇಗ ಮುಗಿದುಹೋಯಿತು. ಮಹಾಪುರಾಣದ ನಂತರ ಪುಷ್ಪದಂತ ಇನ್ನೆರಡು ಕಾವ್ಯ ಬರೆದ, ಣಾಯಕುಮಾರಚರಿಉ ಮತ್ತು ಜಸಹರಚರಿಉ. ನಾಗಕುಮಾರನ ಕಥೆ, ಯಶೋಧರನ ಕಥೆ. ಎರಡೂ ಚಿಕ್ಕವು. ಎರಡರಲ್ಲೂ ಆಶ್ರಯದಾತ ಭರತನಲ್ಲ, ಆತನ ಮಗ. ಮಗನ ಹೆಸರು ನನ್ನ! (ಕನ್ನಡದಲ್ಲಿ "ನನ್ನ ಮನೆಯಲ್ಲಿ ಪುಷ್ಪದಂತ ಇದ್ದ" ಅಂತ ಬರೆದರೆ ಏನಾಗುತ್ತೆ ನೋಡಿ.) ಕೃಷ್ಣ 967ರಲ್ಲಿ ತೀರಿಕೊಂಡ, ತಮ್ಮ ಖೊಟ್ಟಿಗ ಪಟ್ಟಕ್ಕೆ ಬಂದ. 972ರಲ್ಲಿ ಮಾಳವದ ಪರಮಾರ ಸೀಯಕ ನರ್ಮದೆ ದಾಟಿ ಬಂದು ಮಾನ್ಯಖೇಟವನ್ನ ಲೂಟಿ ಮಾಡಿ ಸುಟ್ಟ. ಮರುವರ್ಷವೇ ತೈಲಪ ರಾಷ್ಟ್ರಕೂಟರ ಕಥೆ ಮುಗಿಸಿದ.

ಇಲ್ಲಿ ಇತಿಹಾಸಕಾರರಿಗೆ ಒಂದು ತಲೆನೋವು ಇತ್ತು. 965ರಲ್ಲಿ ಮುಗಿದ ಮಹಾಪುರಾಣದ ಕೆಲವು ಹಸ್ತಪ್ರತಿಗಳಲ್ಲಿ, ಮಧ್ಯದ ಒಂದು ಸಂಧಿಯ ತಲೆಯ ಮೇಲೆ, 972ರ ಬೆಂಕಿಯ ಬಗ್ಗೆ ಒಂದು ಸಂಸ್ಕೃತ ಪದ್ಯ ಇದೆ. ದಿಕ್ಕಿಲ್ಲದವರಿಗೆ ಧನವಾಗಿದ್ದ, ಹೂತೋಟಗಳಿಂದ ತುಂಬಿದ್ದ ಊರು ಧಾರಾ ಅರಸನ ಸಿಟ್ಟಿನ ಬೆಂಕಿಗೆ ಬೆಂದುಹೋಯಿತು, ಇನ್ನು ಪುಷ್ಪದಂತ ಎಲ್ಲಿ ಇರಬೇಕು ಅನ್ನೋ ಅರ್ಥದ್ದು. ಏಳು ವರ್ಷ ಮೊದಲೇ ಮುಗಿದ ಪುಸ್ತಕದೊಳಗೆ ಇದು ಹೇಗೆ ಬಂತು? ಸಂಪಾದಕರು ಒಪ್ಪಿದ ಉತ್ತರ, ಇಂಥ ಪದ್ಯಗಳನ್ನ ಕವಿಯೇ ಆಮೇಲೆ ಪ್ರತಿಗಳಲ್ಲಿ ಸೇರಿಸಿದ ಅಂತ. ಪ್ರತಿಯಿಂದ ಪ್ರತಿಗೆ ಆ ಪದ್ಯಗಳ ಜಾಗ ಬದಲಾಗೋದೂ, ಕೆಲವು ಪ್ರತಿಗಳಲ್ಲಿ ಇಲ್ಲದಿರೋದೂ ಅದಕ್ಕೇ. ಮುಗಿಸಿ ಬಿಡುಗಡೆ ಮಾಡಿದ ಫೈಲನ್ನ ಊರು ಸುಟ್ಟ ಮೇಲೆ ಮತ್ತೆ ತೆರೆದು ಒಂದು ಟಿಪ್ಪಣಿ ಹಾಕಿ ಮುಚ್ಚಿದ್ದಾನೆ. ತಾರೀಖು ಹೊಂದದಿರುವುದರಿಂದಲೇ ನಮಗೆ ಆ ಮನುಷ್ಯ ಸಿಕ್ಕ.

ಜಸಹರಚರಿಉ ಕೊನೆಗೆ ಬರಗಾಲದ ಭಯಂಕರ ಚಿತ್ರ ಇದೆ, ಎಲ್ಲೆಲ್ಲೂ ತಲೆಬುರುಡೆ, ಎಲುಬು. ಅಂಥ ದಿನಗಳಲ್ಲಿ ನನ್ನ ತನಗೆ ಒಳ್ಳೆಯ ಮನೆ, ರುಚಿಯಾದ ಊಟ, ಮೆತ್ತಗಿನ ಬಟ್ಟೆ, ಎಲೆಅಡಿಕೆ ಕೊಟ್ಟು ಸಾಕಿದ ಅಂತ ನೆನೆಯುತ್ತಾನೆ. ಇದು ಲೂಟಿಯ ನಂತರದ ಮಳಖೇಡ ಅಂತ ಕೆಲವು ವಿದ್ವಾಂಸರು ಹೇಳುತ್ತಾರೆ. ಹಾಗಿದ್ದರೆ ಊರು ಸುಟ್ಟ ಮೇಲೂ ಆತ ಬರೆದ. ಈ ಸಲ ಮನಸ್ಸು ಬೇಸತ್ತಿತು ಅಂತ ಎಲ್ಲೂ ಹೇಳೋದಿಲ್ಲ. ಜನರ ಕೆಟ್ಟತನಕ್ಕೆ ಮುರಿದುಬಿದ್ದವನು ಊರಿನ ಬೂದಿಗೆ ಮುರಿಯಲಿಲ್ಲ ಅನ್ನೋದು ನನಗಿನ್ನೂ ಬಿಡಿಸಲಾಗದ ಒಗಟು.

ಅದೇ ಲೂಟಿಯ ಹೊತ್ತಿಗೆ ಅತ್ತ ಧಾರಾನಗರಿಯಲ್ಲಿ ಧನಪಾಲ ಅನ್ನೋ ಕವಿ ತನ್ನ ತಂಗಿ ಸುಂದರಿಗೋಸ್ಕರ "ಪಾಇಯಲಚ್ಛೀ" ಅನ್ನೋ ಪ್ರಾಕೃತ ನಿಘಂಟು ಬರೆದು ಮುಗಿಸಿದ. ಬರೆದ ವರ್ಷ ಯಾವುದು ಅಂತ ಹೇಳೋಕೆ ಆತ ಕೊಟ್ಟ ಗುರುತು, ಮಾಳವದವರು ಮಾನ್ಯಖೇಟವನ್ನ ಲೂಟಿ ಮಾಡಿದ ವರ್ಷ ಅಂತ. ಒಂದೇ ಬೆಂಕಿ. ಒಬ್ಬ ಕವಿಗೆ ಮನೆ ಹೋದದ್ದು, ಇನ್ನೊಬ್ಬನಿಗೆ ತಂಗಿಯ ಪುಸ್ತಕಕ್ಕೆ ತಾರೀಖು.

ಪುಷ್ಪದಂತನ ಹಸ್ತಪ್ರತಿಗಳು ಉಳಿದದ್ದು ಉತ್ತರದಲ್ಲಿ. ವಿದರ್ಭದ ಕಾರಂಜಾ ಮತ್ತಿತರ ಕಡೆಯ ಜೈನ ಭಂಡಾರಗಳಲ್ಲಿ. 1308ರ ಹೊತ್ತಿಗೆ ದೆಹಲಿಯಲ್ಲಿ ಗಂಧರ್ವ ಅನ್ನೋ ಕವಿ ಜಸಹರಚರಿಉಗೆ ಮೂರು ಕಡೆ ತನ್ನದೂ ಸೇರಿಸಿದ. ಸೇರಿಸಿದ್ದು ತಾನು ಅಂತ ಅಲ್ಲಲ್ಲೇ ಹೇಳಿದ ಕೂಡ. ಎಂಥ ಮರ್ಯಾದಸ್ಥ! ಇಪ್ಪತ್ತನೇ ಶತಮಾನದಲ್ಲಿ ಪಿ.ಎಲ್. ವೈದ್ಯರು ಜಸಹರಚರಿಉ ಮತ್ತು ಮಹಾಪುರಾಣವನ್ನೂ, ಹೀರಾಲಾಲ್ ಜೈನರು ಣಾಯಕುಮಾರಚರಿಉವನ್ನೂ ಸಂಪಾದಿಸಿ ಅಚ್ಚು ಹಾಕಿಸಿದರು. ಭಾರತೀಯ ಜ್ಞಾನಪೀಠದ ಹಿಂದಿ ಅನುವಾದವೂ ಇದೆ, ದೇವೇಂದ್ರಕುಮಾರ ಜೈನರದ್ದು. ಅಪಭ್ರಂಶ ಬರದ ನನ್ನಂಥವರಿಗೆ ಅದೇ ಊರುಗೋಲು. ನಮ್ಮ ಕಡೆಯವರಿಗೆ ಹಿಂದಿ ಕಷ್ಟ ಆಗೋದಿಲ್ಲ, ದಖನಿ ಕೇಳಿ ಬೆಳೆದ ಕಿವಿ.

ವೈದ್ಯರ ಮಹಾಪುರಾಣ ಮೂರು ಸಂಪುಟ. ಮೊದಲನೇದು 1937ರಲ್ಲಿ ಬಂತು, 1ರಿಂದ 37ನೇ ಸಂಧಿ. ಎರಡನೇದು ಬಂದದ್ದು 1940ರಲ್ಲಿ. ತೆರೆದ ಕೂಡಲೇ ಸಿಗೋದು 38ನೇ ಸಂಧಿ, ಅಂದರೆ ಬೇಸತ್ತ ಕವಿ, ಕನಸು, ಬಾಗಿಲಲ್ಲಿ ಭರತ. ಯಾರಾದರೂ ಆ ಭಾಗವನ್ನಷ್ಟೇ ಕನ್ನಡಕ್ಕೆ ತರುವುದಾದರೆ ನನಗೂ ತಿಳಿಸಿ, ಪ್ರೂಫ್ ನೋಡಿಕೊಡ್ತೀನಿ.